ಕೆಂಪು ದೀಪದ ಮೇಲಿನ ಗಣಪತಿ

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೆಕ್ಕೆಜೋಳದ ವ್ಯಾಪಾರಿಗೆ, ತಮ್ಮ ಕಾರಿನಲ್ಲಿ ದೋಷವಿದೆ ಎಂದವರೆಲ್ಲ ಕಳ್ಳರೇ. “ಓಡ್ತೈತಲ್ರೀ, ಮತ್ತೇನ್ ಬೇಕು?” ಎನ್ನುತ್ತ ಎತ್ತಿನ ಬೆನ್ನು ಚಪ್ಪರಿಸಿದಂತೆ ಬಾನೆಟ್ ಚಪ್ಪರಿಸುತ್ತಿದ್ದರು.

ಒಮ್ಮೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತತೊಡಗಿತು. “ಬ್ಯಾಟರಿಗೆ ಚಾರ್ಜ್ ಕೊಡೋ ಆಲ್ಟರ್ನೇಟರ್ ಸವೆದೈತ್ರೀ. ಹತ್ತು ವರ್ಷ ದುಡಿದೈತಿ, ಸಾಕು. ದೂರ ಹೋಗೋದಿದ್ರೆ ಮೊದ್ಲು ಅದನ್ನ ಬದಲಿಸ್ರಿ” ಎಂದ ಮೆಕ್ಯಾನಿಕ್. ಇವರು ದೀಪವೇ ಕಾಣದಂತೆ ಅದರ ಮೇಲೊಂದು ಗಣಪತಿಯ ಸ್ಟಿಕ್ಕರ್ ಅಂಟಿಸಿದರು. ಆಮೇಲೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕೆಲಸದ ಸಂದರ್ಶನಕ್ಕೆ ಹೋಗಬೇಕಿದ್ದ ಮಗಳನ್ನು ಕೂರಿಸಿಕೊಂಡು ಕಾರವಾರಕ್ಕೆ ಹೊರಟರು. ನಾನೂ ಜೊತೆಗಿದ್ದೆ.

ಸೊರಬ ದಾಟುತ್ತಲೇ ಹಾರ್ನಿನ ದನಿ ಕುಗ್ಗಿತು, ಏಸಿ ನಿಂತಿತು, ಕಡೆಗೆ ಕಾರೇ ನಿಂತಿತು. ಇವರು ಇಳಿದು ಬಾನೆಟ್ ಚಪ್ಪರಿಸಿದರು. ಸಂದರ್ಶನದ ಹೊತ್ತು ಮೀರುವವರೆಗೂ ಚಪ್ಪರಿಸಿದರು.

ಮಗಳು ಸ್ಟಿಕ್ಕರ್ ಕಿತ್ತು ಅವರ ಅಂಗೈಯಲ್ಲಿಟ್ಟಳು. “ಅಪ್ಪಾಜಿ, ಮುಂದಿನ ಸಲ ಇದನ್ನ ಸೀದಾ ಕಣ್ಣಿಗೇ ಅಂಟಿಸ್ಕೊಳ್ರಿ.”

ಮರುದಿನವೇ ಹೊಸ ಆಲ್ಟರ್ನೇಟರ್ ಬಂತು. ನಾನು ಕೊನೆಯ ಸಲ ಆ ಕಾರಿನೊಳಗೆ ಇಣುಕಿದಾಗ ಗಣಪತಿ ಸ್ವಲ್ಪ ಪಕ್ಕಕ್ಕೆ ಸರಿದು, ಇಂಜಿನ್ ಆಯಿಲಿನ ದೀಪದ ಮೇಲೆ ಕೂತಿದ್ದ.