ಬೋರ್ಡಕ್ಕನ ಉದ್ದಗೀಟು

ಅಂಗಡಿಗಳಿಗೆ ಬೋರ್ಡು ಬರೆಯುವ ಅವಳನ್ನು ಬೀದಿಯವರೆಲ್ಲ ಬೋರ್ಡಕ್ಕ ಎಂದೇ ಕರೆಯುತ್ತಿದ್ದರು. ಅಕ್ಷರಗಳ ಕೆಳಗೆ ಅವಳೆಳೆಯುವ ಗೀಟು ಊರಿಗೇ ಹೆಸರುವಾಸಿ. ಅಳತೆಪಟ್ಟಿ ಹಿಡಿಯುತ್ತಿರಲಿಲ್ಲ. ಹೊಟ್ಟೆ ಬಿಗಿದು, ಉಸಿರು ಕಟ್ಟಿ ಕುಂಚವಿಟ್ಟಳೆಂದರೆ ಆ ತುದಿಯಿಂದ ಈ ತುದಿಗೆ ನೂಲು ಹಿಡಿದಷ್ಟು ನೇರ.

ಅವಳಿಗೊಂದು ಗುಟ್ಟಿತ್ತು. ಕೆಲವೊಮ್ಮೆ ಎದೆ ಇದ್ದಕ್ಕಿದ್ದಂತೆ ಓಟ ಕೀಳುತ್ತಿತ್ತು. ಕತ್ತಿನ ನರ ಪಟಪಟ ಬಡಿದು ಕಣ್ಣು ಮಂಜಾಗುತ್ತಿತ್ತು. ಆಗ ಅವಳು ಒಂದು ಉದ್ದಗೀಟು ಎಳೆಯುವಳು. ಅದು ಮುಗಿಯುವಷ್ಟರಲ್ಲಿ ಎದೆ ತಟಕ್ಕನೆ ಹದಕ್ಕೆ ಬರುವುದು. ಗೀಟೇ ತನ್ನ ಮದ್ದೆಂದು ನಂಬಿಬಿಟ್ಟಳು. ಅಡುಗೆಮನೆಯ ಗೋಡೆಯ ತುಂಬ ಗೀಟುಗಳೆದ್ದವು. "ಚೆಂದಕ್ಕೆ ಬಳೀತಿದೀನಿ" ಎಂದು ಗಂಡನ ಕಣ್ಣಿಗೆ ಮಣ್ಣೆರಚಿದಳು. ಸೈಕಲ್ ರಿಪೇರಿ ಅಂಗಡಿಯ ಆ ಗಂಡನಿಗೆ ವಿಷಯ ತಿಳಿದರೆ ಏಣಿ ಅಟ್ಟ ಸೇರುತ್ತಿತ್ತು. ಏಣಿಯಿಲ್ಲದೆ ಬೋರ್ಡಕ್ಕನೆಲ್ಲಿ?

ಹೊಸ ಗ್ರಂಥಾಲಯದ ಹಣೆಯ ಮೇಲೆ ಹೆಸರು ಬರೆಯುವ ಕೆಲಸ ಅವಳಿಗೇ ಬಂತು. ಅಕ್ಷರಗಳು ಮುಗಿದು ಗೀಟು ಮಾತ್ರ ಉಳಿದಿದ್ದಾಗ, ಏಣಿಯ ಮೇಲೆಯೇ ಎದೆ ಓಡತೊಡಗಿತು. ಮದ್ದು ಕೈಯಲ್ಲೇ ಇದೆಯಲ್ಲ ಎಂದು ಉಸಿರು ಕಟ್ಟಿ ಎಳೆದಳು. ಗೀಟು ಅರ್ಧಕ್ಕೆ ಬಂದರೂ ಓಟ ನಿಲ್ಲಲಿಲ್ಲ. ಕುಂಚ ಜಾರಿ ಬಿತ್ತು. ಹೇಗೋ ಇಳಿದು ನೆಲಕ್ಕೆ ಕುಸಿದಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಇಂಜೆಕ್ಷನ್ ಕೊಟ್ಟು ಎದೆಯ ಓಟ ನಿಲ್ಲಿಸಿದರು. ಕೈಯ ಗ್ರೀಸನ್ನೂ ಒರಸಿಕೊಳ್ಳದೆ ಓಡಿಬಂದ ಗಂಡನೆದುರು ಅವಳು ಎಲ್ಲವನ್ನೂ ಹೇಳಿದಳು.

"ಅಂದ್ರೆ ಅಡುಗೆಮನೆ ಗೋಡೆ ಮೇಲಿರೋದೆಲ್ಲ ನಿನ್ನ ಕಾಯಿಲೆನಾ? ನಾನು ಬಂದೋರಿಗೆಲ್ಲ ತೋರಿಸಿ ಮೆರೀತಿದ್ದೆನಲ್ಲೇ!"

ಡಾಕ್ಟರಮ್ಮ ನಕ್ಕರು. "ಗೀಟಲ್ಲಮ್ಮ, ಉಸಿರು ಕಟ್ಟಿ ಹೊಟ್ಟೆ ಬಿಗೀತಿದ್ರಲ್ಲ, ಓಟ ನಿಲ್ಲಿಸ್ತಿದ್ದಿದ್ದು ಅದು. ನಾವೂ ಅದನ್ನ ಹೇಳ್ಕೊಡ್ತೀವಿ. ಆದ್ರೆ ಮಲಗಿಸಿ, ಏಣಿ ಹತ್ತಿಸಿ ಅಲ್ಲ! ಅದು ಪ್ರತಿ ಸಲ ಕೈ ಹಿಡಿಯೋದಿಲ್ಲ. ನಿಮ್ಮ ಹೃದಯದಲ್ಲಿ ಕರೆಂಟು ಸುತ್ತು ಹೊಡೆಯೋಕೆ ಒಂದು ಕಳ್ಳದಾರಿ ಇದೆ. ತೊಡೆಯ ರಕ್ತನಾಳದಿಂದ ತೆಳ್ಳನೆ ತಂತಿ ಕಳಿಸಿ ಆ ದಾರಿನ ಸುಟ್ಟುಬಿಡಬಹುದು."

"ಆಮೇಲೆ ಏಣಿ ಹತ್ತಬಹುದಾ?"

"ಏಣಿಯ ಮಾತೆತ್ತಬೇಡ" ಎಂದು ಗಂಡ ಸಿಡುಕಿದ.

"ಬೋರ್ಡಕ್ಕ ಅರ್ಧ ಗೀಟಿಗೇ ಓಡಿಹೋದಳು ಅಂತ ಊರೋರು ಆಡ್ಕೊಳ್ಳಲೇನ್ರೀ?"

ಅವನು ಡಾಕ್ಟರಮ್ಮನ ಮುಖ ನೋಡಿದ. ಗುಣವಾದದ್ದನ್ನು ನೋಡಿಯೇ ಹತ್ತಿಸುವುದೆಂದು ಡಾಕ್ಟರಮ್ಮ ತೀರ್ಮಾನ ಕೊಟ್ಟರು.

ಚಿಕಿತ್ಸೆ ನಡೆಯಿತು. ಡಾಕ್ಟರಮ್ಮ ಒಪ್ಪಿದ ಮೇಲೆ ಗಂಡನೇ ಏಣಿ ಹೊತ್ತು ತಂದು, ಬುಡವನ್ನು ಭದ್ರವಾಗಿ ಹಿಡಿದು ನಿಂತ. ಅರ್ಧ ಗೀಟಿನ ತುದಿಗೆ ಅವಳು ಕುಂಚ ಮುಟ್ಟಿಸಿದಳು. ಎದೆ ತನ್ನ ಪಾಡಿಗೆ ಮೆತ್ತಗೆ ಬಡಿಯುತ್ತಿತ್ತು. ಕೈ ಅಲುಗಲಿಲ್ಲ. ಗೀಟು ಮುಗಿಸಿ ಕೆಳಗೆ ನೋಡಿದರೆ ಗಂಡನ ಮುಖ ಕೆಂಪಗಾಗಿದೆ, ಕೆನ್ನೆ ಉಬ್ಬಿದೆ.

"ರೀ, ಉಸಿರು ಬಿಡ್ರಿ! ಗೀಟು ಎಳೆದಿದ್ದು ನಾನು!"

ಗ್ರಂಥಾಲಯಕ್ಕೆ ಬರುವವರನ್ನು ಅವನು ಈಗಲೂ ತಡೆದು ನಿಲ್ಲಿಸುತ್ತಾನೆ. "ನಮ್ಮನೆಯವಳು ಎರಡು ಸಲಕ್ಕೆ ಎಳೆದ ಗೀಟು ಅದು. ಎಲ್ಲಿ ಕೂಡಿಸಿದಾಳೆ, ತೋರಿಸಿ ನೋಡೋಣ!"

ಇದುವರೆಗೆ ಯಾರಿಗೂ ಸಿಕ್ಕಿಲ್ಲ.