ಒಂದು ದಿನ ಮುಂಚೆ ಎತ್ತಿದ ಆರತಿ

ಎರಡು ಜಡೆಗೆ ಹೊಸ ರಿಬ್ಬನ್ ಕಟ್ಟಿಕೊಂಡು ನನ್ನ ತಂಗಿ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಟೀಚರ್ ಸೆರಗು ಸಿಕ್ಕಿಸಿಕೊಂಡು ನೆಲ ತೊಳೆಯುತ್ತಿದ್ದರು. ನಮ್ಮನ್ನು ನೋಡಿ ಪೊರಕೆ ಹಿಡಿದೇ ನಕ್ಕರು.

“ಇವತ್ತು ಟೀಚರ್‌ಗಳು ಮಾತ್ರ ಬರೋದು. ಮಕ್ಕಳಿಗೆ ನಾಳೆಯಿಂದ ಕಣಪ್ಪಾ!”

ತಂಗಿಯ ಮುಖ ಸಣ್ಣದಾಯಿತು. ಕೋಗಿಲು ಊರಿನ ನಮ್ಮ ಶಾಲೆಯಲ್ಲಿ ಬೇಸಿಗೆ ರಜೆ ಮುಗಿದು ಮಕ್ಕಳು ಬರುವ ಮೊದಲ ದಿನ ಅವರಿಗೆ ಆರತಿ ಎತ್ತಿ, ಗುಲಾಬಿ ಕೊಟ್ಟು ಒಳಗೆ ಕರೆಯುತ್ತಾರೆ. ಹೋದ ವರ್ಷ ಅವಳಿಗೆ ಅದು ತಪ್ಪಿದ್ದು ನನ್ನಿಂದ. ಅಮ್ಮ ಬೆಳಕು ಹರಿಯುವ ಮುಂಚೆಯೇ ಕೆಲಸಕ್ಕೆ ಹೋಗುತ್ತಾರೆ. ಕರೆದುಕೊಂಡು ಹೋಗಬೇಕಾದ ನಾನು ಮಲಗಿಬಿಟ್ಟಿದ್ದೆ. ಈ ಸಲ ತಪ್ಪಬಾರದೆಂದು ಓಡಿಬಂದರೆ ಹೀಗಾಯಿತು. ಐದನೇ ಕ್ಲಾಸಿನವರೆಗೆ ನಾನೂ ಓದಿದ್ದು ಅಲ್ಲೇ, ಟೀಚರ್‌ಗಳು ಒಂದು ದಿನ ಮುಂಚೆ ಬರುತ್ತಾರೆ ಅನ್ನೋದಾದರೂ ನೆನಪಿರಬೇಕಿತ್ತು.

ಟೀಚರ್‌ಗೆ ಎಲ್ಲ ಹೇಳಿಬಿಟ್ಟೆ. ಅವರು ಕೈ ತೊಳೆದುಕೊಂಡು, “ಬಾಮ್ಮ, ನಾಳೆಗೆ ಪ್ರಾಕ್ಟೀಸ್ ಮಾಡೋಣ” ಎಂದು ತಟ್ಟೆಯಲ್ಲಿ ದೀಪ ಹಚ್ಚಿ ಅವಳೊಬ್ಬಳಿಗೇ ಆರತಿ ಎತ್ತಿದರು. ಬಿಸಿಯೂಟದ ಅಕ್ಕ ಪಾತ್ರೆಯನ್ನೇ ಡೋಲಿನಂತೆ ಬಾರಿಸಿದರು. ಗುಲಾಬಿ ಇನ್ನೂ ಬಂದಿರಲಿಲ್ಲ, ಟೀಚರ್ ಕಾಂಪೌಂಡಿನ ದಾಸವಾಳ ಕಿತ್ತುಕೊಟ್ಟರು. ತಂಗಿ ಕುಣಿದ ರಭಸಕ್ಕೆ ಒಂದು ರಿಬ್ಬನ್ ಬಿಚ್ಚಿಯೇ ಹೋಯಿತು.

ಮರುದಿನ ಮತ್ತೆ ಮಲಗಿಬಿಟ್ಟೆ. ಎದ್ದು ಓಡಿದೆ. ನನ್ನನ್ನು ಎಬ್ಬಿಸಿ ಎಬ್ಬಿಸಿ ಸೋತು ಪಕ್ಕದ ಮನೆಯ ಮಕ್ಕಳ ಜೊತೆ ಹೋಗಿದ್ದ ಅವಳು, ಟೀಚರ್ ಪಕ್ಕ ನಿಂತು ಬಂದವರಿಗೆಲ್ಲ ಗುಲಾಬಿ ಹಂಚುತ್ತಿದ್ದಳು. ನನ್ನನ್ನು ನೋಡಿ, “ಲೇಟಾಗಿ ಬಂದೋರು ಗೇಟ್ ಹತ್ರಾನೇ ನಿಂತ್ಕೋಬೇಕು ಕಣೋ ಅಣ್ಣ!” ಎಂದಳು. ಪೋಷಕರೆಲ್ಲ ನಕ್ಕರು. ನಾನು ನಿಂತುಕೊಂಡೆ.