ಕೆಂಪಾಗದ ಬೆಸುಗೆ

ಬೀದಿಯವರೆಲ್ಲ ಅವಳನ್ನು ಬೆಸುಗೆ ಅಕ್ಕ ಅಂತಲೇ ಕರೆಯುತ್ತಿದ್ದರು. ತಮ್ಮ ನಕ್ಷೆ ಬರೆಯುತ್ತಿದ್ದ, ಅಕ್ಕ ಬೆಸೆಯುತ್ತಿದ್ದಳು; ಇಬ್ಬರೂ ಸೇರಿ ಇಸ್ತ್ರಿ ಅಂಗಡಿಗಳಿಗೆ ಹಬೆಯ ತೊಟ್ಟಿ ಮಾಡಿಕೊಡುತ್ತಿದ್ದರು. ತಾನು ಎಳೆದ ಗೆರೆ ಸೊಟ್ಟಗಿದ್ದರೂ ಅಕ್ಕನ ಕೈಗೆ ಹೋದರೆ ನೆಟ್ಟಗಾಗುತ್ತದೆ ಎಂದು ಅವನು ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದ.

ದೊಡ್ಡ ತೊಟ್ಟಿಯೊಂದರ ಕೆಲಸ ಬಂದಾಗ ಅವನಿಗೇ ಯಾಕೋ ಅಳುಕು. ಉಕ್ಕು ಎಷ್ಟು ಒತ್ತಡ ತಡೆದೀತೆಂದು ಕಂಪ್ಯೂಟರಿನಲ್ಲೇ ಮೊದಲು ನೋಡಬಹುದಂತೆ ಎಂದು ಕೇಳಿ ಕಾಲೇಜಿಗೆ ಹೋದ. ಅಲ್ಲಿನ ಮೇಷ್ಟ್ರು, ಯಂತ್ರ ಇರುವುದೇ ಒಂದು, ಹೊರಗಿನವರಿಗೆ ಕೊಡುವಂತಿಲ್ಲ ಎಂದು ಕಳಿಸಿಬಿಟ್ಟರು. ಅವನು ಕಣ್ಣಳತೆಯನ್ನೇ ನಂಬಿದ. ಹಬೆ ತುಂಬಿ ಪರೀಕ್ಷಿಸಿದ ದಿನ ತೊಟ್ಟಿ ಸಿಡಿಯಿತು. ಪಕ್ಕದಲ್ಲೇ ನಿಂತಿದ್ದವನು ಉಳಿಯಲಿಲ್ಲ.

ತಗಡು ಚಿಂದಿಯಾಗಿತ್ತು, ಮೊದಲು ಎಲ್ಲಿ ಬಿಟ್ಟುಕೊಂಡಿತೋ ಯಾರಿಗೂ ಗೊತ್ತಾಗಲಿಲ್ಲ. ತಮ್ಮನ ಹೆಂಡತಿ ಮಾತ್ರ, "ನಿಮ್ಮ ಬೆಸುಗೆ ನನ್ನ ಮನೆ ಮುರೀತು" ಅಂದಳು. ಅಕ್ಕನಿಗೂ ಹಾಗೇ ಅನ್ನಿಸಿತ್ತು.

ಕೆಲವು ವರ್ಷಗಳಾದ ಮೇಲೆ ಅದೇ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಅಕ್ಕನ ವರ್ಕ್‌ಶಾಪಿಗೆ ಬಂದರು. ಈಗ ದೊಡ್ಡ ಯಂತ್ರ ನಮ್ಮಲ್ಲೇ ಇರಬೇಕಿಲ್ಲ, ಅದು ಎಲ್ಲೋ ದೂರದಲ್ಲಿರುತ್ತದೆ, ಕ್ಲೌಡ್ ಅನ್ನುತ್ತಾರೆ, ಇಂಟರ್ನೆಟ್ ಇದ್ದರೆ ಸಣ್ಣ ಅಂಗಡಿಯವರೂ ಬಳಸಬಹುದು ಎಂದು ವಿವರಿಸಿದರು.

"ಆಗ ಇರ್ಲಿಲ್ವಾ ಇದು?" ಅಕ್ಕ ಕೇಳಿದಳು.

ಮೇಷ್ಟ್ರು ತಲೆ ತಗ್ಗಿಸಿದರು. "ಇತ್ತಮ್ಮ. ನಮ್ಮ ಕೋಣೇಲಿ ಬೀಗ ಹಾಕ್ಕೊಂಡು ಕೂತಿತ್ತು."

ಅಕ್ಕ ತಮ್ಮನ ತೊಟ್ಟಿಯ ಅಳತೆಗಳನ್ನೇ ಹೇಳುತ್ತ ಹೋದಳು, ಎಲ್ಲ ಬಾಯಿಪಾಠವಾಗಿದ್ದವು. ಅವಳು ಕೈ ತೊಳೆದು ಬರುವಷ್ಟರಲ್ಲಿ ತೊಟ್ಟಿ ಪರದೆಯ ಮೇಲಿತ್ತು. ತಡೆಯುವ ಜಾಗ ನೀಲಿ, ಬಿರಿಯುವ ಜಾಗ ಕೆಂಪು. ಅವಳ ಬೆಸುಗೆಯ ಗೆರೆ ಉದ್ದಕ್ಕೂ ನೀಲಿ. ಕೊಳವೆ ಕೂರಿಸಲು ತಮ್ಮ ನಕ್ಷೆಯಲ್ಲಿ ಗುರುತು ಹಾಕಿದ್ದ ತೂತಿನ ಸುತ್ತ ಕಡುಗೆಂಪು.

ನೀವು ಎಷ್ಟು ಗಟ್ಟಿಯಾಗಿ ಬೆಸೆದಿದ್ದರೂ ಇಲ್ಲಿ ಸೀಳುತ್ತಿತ್ತು ಎಂದರು ಮೇಷ್ಟ್ರು. ತೂತಿನ ಸುತ್ತ ದಪ್ಪದೊಂದು ಉಕ್ಕಿನ ಬಳೆ ಸೇರಿಸಿ ಮತ್ತೆ ತೋರಿಸಿದರು. ಕೆಂಪು ಹೋಗಿತ್ತು. ಅಷ್ಟೇ ಬೇಕಾಗಿದ್ದದ್ದು.

ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಆದರೆ ಇಳಿಸಿದರೆ ಅದನ್ನು ತಮ್ಮನ ಮೇಲೇ ಹೊರಿಸಬೇಕು. ಅವಳು ತೋಳಿನಲ್ಲಿ ಮುಖ ಹುದುಗಿಸಿ ಅತ್ತಳು, ಅವನು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ತಪ್ಪು ಬೆಸುಗೆಯದಲ್ಲವೆಂದು ತಮ್ಮನ ಹೆಂಡತಿಗೆ ನಾನೇ ಹೋಗಿ ಹೇಳುತ್ತೇನೆ ಎಂದರು ಮೇಷ್ಟ್ರು.

"ಬೇಡಿ ಮೇಷ್ಟ್ರೇ. ಅವಳು ನನ್ನನ್ನೇ ಬೈಕೊಳ್ಳಲಿ. ಅವನನ್ನ ಬೈಯೋ ಹಾಗಾಗೋದು ಬೇಡ."

ಈಗ ಏಣಿ ಮಾಡುವವನು, ಗೇಟು ಮಾಡುವವನು, ಎಲ್ಲರೂ ಅವಳ ಅಂಗಡಿಯ ಮೂಲೆಯಲ್ಲಿರುವ ಕಂಪ್ಯೂಟರಿಗೆ ಬರುತ್ತಾರೆ. ಮೇಷ್ಟ್ರು ಕಲಿಸಿಕೊಟ್ಟಂತೆ ಅವಳೇ ಅಳತೆ ತುಂಬಿಸಿಕೊಡುತ್ತಾಳೆ. ಕೆಂಪು ಕಂಡರೆ, ಹೋಗಿ ಗೆರೆ ತಿದ್ದಿಕೊಂಡು ಬಾ ಎಂದು ಗದರಿಸಿ ಕಳಿಸುತ್ತಾಳೆ. ತಮ್ಮನ ಹೆಂಡತಿ ಮಗಳನ್ನು ಶಾಲೆಗೆ ಬಿಡಲು ಅದೇ ಬೀದಿಯಲ್ಲಿ ಹೋಗುತ್ತಾಳೆ, ಅಂಗಡಿ ಹತ್ತಿರವಾದಂತೆ ಆಚೆ ಬದಿಗೆ ದಾಟಿಕೊಳ್ಳುತ್ತಾಳೆ. ಮಗು ಹೊರಳಿ ನೋಡುತ್ತದೆ. ಅಕ್ಕ ಕೈ ಎತ್ತಲು ಹೋಗಿ ಸುಮ್ಮನಾಗುತ್ತಾಳೆ.